ಪೂರ್ವ ಪ್ರಾಥಮಿಕ ತರಗತಿಯ ಮಕ್ಕಳ ಉಬ್ಬಸ ತಪಾಸಣೆ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಮುಂದಿನ ತಿಂಗಳ ಮೊದಲ ವಾರದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ನಮ್ಮ ಶಾಲೆಗೆ ಬಂದು ಎಲ್‌ಕೆಜಿ ಮತ್ತು ಯುಕೆಜಿ ಮಕ್ಕಳನ್ನು ಪರೀಕ್ಷಿಸಲಿದೆ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಹುಳುಕು ಹಲ್ಲು, ಸೋರುವ ಕಿವಿಗಳ ಜೊತೆಗೆ ಉಬ್ಬಸದ ಲಕ್ಷಣಗಳನ್ನೂ ನೋಡುತ್ತಾರೆ. ಉಬ್ಬಸದ ವಿಷಯದಲ್ಲಿ ನಿಮ್ಮ ನೆರವಿಲ್ಲದೆ ತಪಾಸಣೆ ಪೂರ್ಣವಾಗುವುದಿಲ್ಲ.

ದೊಡ್ಡವರಾದರೆ ಕೊಳವೆಯೊಳಗೆ ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿಯನ್ನು ಅಳೆಯಬಹುದು. 5 ವರ್ಷದೊಳಗಿನ ಮಗುವಿಗೆ ಹೇಳಿದಂತೆ ಊದಲು ಸಾಮಾನ್ಯವಾಗಿ ಆಗುವುದಿಲ್ಲ. ವೈದ್ಯರು ಸ್ಟೆತಸ್ಕೋಪ್ ಇಟ್ಟಾಗ ಎದೆಯಲ್ಲಿ ಯಾವ ದೋಷವೂ ಕೇಳಿಸದೆ, ಅದೇ ರಾತ್ರಿ ಮಗು ನಿದ್ದೆಗೆಟ್ಟು ಕೆಮ್ಮುವುದೂ ಉಂಟು. ಹೀಗಾಗಿ ಈ ವಯಸ್ಸಿನಲ್ಲಿ ವೈದ್ಯರು ಮುಖ್ಯವಾಗಿ ನೆಚ್ಚಿಕೊಳ್ಳುವುದು ಮಗುವಿನ ಪಕ್ಕದಲ್ಲಿ ಮಲಗುವವರ ಮಾತನ್ನು. ನೆಗಡಿ ಇಲ್ಲದಿದ್ದಾಗಲೂ ರಾತ್ರಿ ಅಥವಾ ಬೆಳಗಿನ ಜಾವ ಕೆಮ್ಮು ಬರುತ್ತದೆಯೇ, ಓಡಿದಾಗ, ನಕ್ಕಾಗ, ಅತ್ತಾಗ ಕೆಮ್ಮು ಹತ್ತುತ್ತದೆಯೇ, ಉಸಿರು ಬಿಡುವಾಗ ಸುಯ್ ಎಂಬ ಸದ್ದು ಕೇಳುತ್ತದೆಯೇ, ನೆಗಡಿಯಾಗಿ 10 ದಿನ ಕಳೆದರೂ ಎದೆ ಕಟ್ಟಿಕೊಂಡೇ ಇರುತ್ತದೆಯೇ, ತಂದೆ ತಾಯಿಗೆ ಅಥವಾ ಒಡಹುಟ್ಟಿದವರಿಗೆ ಉಬ್ಬಸವೋ ಅಲರ್ಜಿಯೋ ಇದೆಯೇ ಎಂಬ ಪ್ರಶ್ನೆಗಳಿರುವ ಹಾಳೆಯನ್ನು ಈ ಪತ್ರದೊಂದಿಗೆ ಕಳಿಸಿದ್ದೇನೆ. ಮಗುವನ್ನು ನೋಡಿಕೊಳ್ಳುವವರು ಅಜ್ಜಿಯಾಗಿದ್ದರೆ ಅವರನ್ನೇ ಕೇಳಿ ಉತ್ತರಿಸಿ. ಬರೆಯಲು ಕಷ್ಟವಾದರೆ ಬಾಯಲ್ಲಿ ಹೇಳಿ, ಶಿಕ್ಷಕಿಯರು ಬರೆದುಕೊಳ್ಳುತ್ತಾರೆ.

ಮೂಡಿಗೆರೆ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ತೋಟದ ಲೈನ್ ಮನೆಗಳಲ್ಲಿ ಒಲೆ ಉರಿಯುವ ಕೋಣೆಯಲ್ಲೇ ಮಕ್ಕಳು ಮಲಗಬೇಕಾಗಿ ಬಂದಾಗ, ಕಿಟಕಿ ತೆರೆಯಲಾಗದ ಆ ತಿಂಗಳುಗಳಲ್ಲಿ ಹಸಿ ಸೌದೆಯ ಹೊಗೆಯೂ ಗೋಡೆಯ ಬೂಷ್ಟೂ ಎಳೆಯ ಶ್ವಾಸನಾಳಗಳನ್ನು ಕೆರಳಿಸುತ್ತವೆ. ಇದು ನಿಮ್ಮ ತಪ್ಪಲ್ಲ. ಗ್ಯಾಸ್ ಸಂಪರ್ಕವಿದ್ದರೂ ಪ್ರತಿ ಸಲ ಸಿಲಿಂಡರ್ ತುಂಬಿಸುವ ಹಣ ದಿನಗೂಲಿಯಲ್ಲಿ ಹೊಂದಿಸುವುದು ಎಷ್ಟು ಕಷ್ಟವೆಂದು ನನಗೆ ತಿಳಿದಿದೆ. ಒಲೆ ಹೊತ್ತಿಸುವಾಗಲಾದರೂ ಮಗುವನ್ನು ಜಗಲಿಯಲ್ಲಿ ಕೂರಿಸಿ, ಮನೆಯೊಳಗೆ ಬೀಡಿ ಸೇದಲು ಯಾರಿಗೂ ಬಿಡಬೇಡಿ.

ಉಬ್ಬಸವೆಂಬ ಹೆಸರು ಬಂದರೆ ಮಗುವಿಗೆ ಕಳಂಕ, ಇನ್‌ಹೇಲರ್ ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂಬ ಅಂಜಿಕೆಯಿಂದ ಕೆಲವರು ಲಕ್ಷಣಗಳನ್ನು ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್‌ಹೇಲರ್ ಚಟ ಹಿಡಿಸುವುದಿಲ್ಲ. ಅದರ ಔಷಧಿ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಮಾತ್ರೆ, ಸಿರಪ್ಪಿಗಿಂತ ಬಹಳ ಕಡಿಮೆ ಪ್ರಮಾಣ ಸಾಕು. ಚಿಕ್ಕ ಮಕ್ಕಳಿಗೆ ಮಾಸ್ಕ್ ಜೋಡಿಸಿದ ಸ್ಪೇಸರ್ ಎಂಬ, ಇನ್‌ಹೇಲರ್‌ಗೆ ಸಿಕ್ಕಿಸುವ ಅಗಲ ಕೊಳವೆಯ ಮೂಲಕ ಕೊಡುತ್ತಾರೆ. ಸುಯ್‌ಗುಟ್ಟುವ ಎಲ್ಲ ಮಕ್ಕಳಿಗೂ ಉಬ್ಬಸವಿರುವುದಿಲ್ಲ, ಅನೇಕರಿಗೆ 6 ವರ್ಷದ ಹೊತ್ತಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಯಾರಿಗೆ ಔಷಧಿ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಮೆಡಿಕಲ್ ಅಂಗಡಿಯಿಂದ ಮತ್ತೆ ಮತ್ತೆ ಆಂಟಿಬಯೋಟಿಕ್ ತಂದು ಕುಡಿಸುವುದರಿಂದ ಉಬ್ಬಸ ಹತೋಟಿಗೆ ಬರುವುದಿಲ್ಲ.

ಉಸಿರೆಳೆಯುವಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಮಾತನಾಡಲಾಗದೆ ಏದುತ್ತಿದ್ದರೆ, ತುಟಿ ನೀಲಿಗಟ್ಟಿದರೆ ತಪಾಸಣೆಯ ದಿನಕ್ಕೆ ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿ.

ತುಂಬಿದ ಹಾಳೆಯನ್ನು ಈ ಶನಿವಾರದೊಳಗೆ ತರಗತಿ ಶಿಕ್ಷಕಿಗೆ ತಲುಪಿಸಿ. ಹಾಳೆ ಬಂದಿದ್ದರೆ ಕೆಲಸ ಬಿಟ್ಟು ನೀವು ಬರಲೇಬೇಕೆಂದಿಲ್ಲ. ಹೆಚ್ಚಿನ ಪರೀಕ್ಷೆ ಬೇಕಾದ ಮಕ್ಕಳನ್ನು ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಕಳಿಸುವಾಗ ನಿಮಗೆ ಮೊದಲೇ ತಿಳಿಸಿ, ಜೊತೆಗೆ ಹೋಗುವವರಿಲ್ಲದಿದ್ದರೆ ನಮ್ಮ ಶಿಕ್ಷಕಿಯೊಬ್ಬರನ್ನು ಕಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ