ಅಜ್ಜಿಯ ಮಾತನ್ನು ಯಾರು ತಿದ್ದಿದರು?

ಮಗಳೇ,

ನಿನ್ನ ಇಂಗ್ಲಿಷ್ ಕಥೆಗಳ ಕಟ್ಟು ತಲುಪಿ ಮೂರು ವಾರವಾಯಿತು. ಜೊತೆಗಿದ್ದ ಚೀಟಿಯನ್ನು ಕಥೆಗಳಿಗಿಂತ ಹೆಚ್ಚು ಸಲ ಓದಿದೆ. 'ಕನ್ನಡ ಮೀಡಿಯಮ್ಮಿನವಳು, ಸ್ಪೆಲಿಂಗ್ ತಪ್ಪಿದ್ದರೆ ಕ್ಷಮಿಸಿ, ಎಲ್ಲವನ್ನೂ ಸಾಫ್ಟ್‌ವೇರಿಗೆ ಹಾಕಿ ಸರಿಮಾಡಿಸಿದ್ದೇನೆ' ಅಂದಿದ್ದೀಯ. ಪ್ರಕಾಶಕರು ಯಾರು, ಪುಟ ಎಷ್ಟಿರಬೇಕು ಎಂಬುದನ್ನೆಲ್ಲ ಬೇರೆಯವರನ್ನು ಕೇಳು. ನನಗೆ ಆ 'ಸರಿಮಾಡಿಸಿದ್ದೇನೆ' ಮುಳ್ಳಿನ ಹಾಗೆ ನೆಟ್ಟಿದೆ.

ಒಂಬತ್ತನೇ ಕ್ಲಾಸಿನಲ್ಲಿ ನಾನು ಸಾಲ ಎಂಬರ್ಥದ 'ಡೆಟ್' ಪದವನ್ನು 'ಬಿ' ಇಲ್ಲದೆ ಬರೆದೆ. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಇಡೀ ಕ್ಲಾಸನ್ನು ನಗಿಸಿದರು. ನಮ್ಮಪ್ಪ ಸಾಲದಲ್ಲಿ ಮುಳುಗಿದ್ದ ವರ್ಷ ಅದು. ಆಮೇಲೆ ಬಹಳ ಕಾಲ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಯುವುದಕ್ಕೂ ಕೈ ಏಳಲಿಲ್ಲ. ನಲವತ್ತು ದಾಟಿದ ಮೇಲೆ ಆ ಪದದ ಚರಿತ್ರೆ ಓದಿದೆ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ 'ಬಿ' ಇರಲೇ ಇಲ್ಲ! ಅದರ ಮೂಲವಾದ ಲ್ಯಾಟಿನ್ನಿನ 'ಡೆಬಿಟುಮ್' ಕಣ್ಣಿಗೆ ಕಾಣಲಿ ಎಂದು ಪಂಡಿತರು ಆಮೇಲೆ ತುರುಕಿದ್ದು. 'ಐಲ್ಯಾಂಡ್' ಪದದ 'ಎಸ್' ಅದಕ್ಕಿಂತ ಅನ್ಯಾಯ. ಆ ಹಳೆಯ ಇಂಗ್ಲಿಷ್ ಪದಕ್ಕೂ ದ್ವೀಪ ಎಂದೇ ಅರ್ಥವಿರುವ ಲ್ಯಾಟಿನ್ನಿನ 'ಇನ್ಸುಲಾ'ಕ್ಕೂ ನೆಂಟಸ್ತಿಕೆಯೇ ಇಲ್ಲ, ಇದೆಯೆಂದು ತಪ್ಪು ತಿಳಿದು ಸೇರಿಸಿದರು. ಆ ತಪ್ಪನ್ನು ನಾವೆಲ್ಲ ಬಾಯಿಪಾಠ ಮಾಡಿದೆವು. ನನ್ನ ಸಿಟ್ಟು ಇನ್ನೂ ಆರಿಲ್ಲ.

ನಿನ್ನ ಮೇಲೂ ಸ್ವಲ್ಪ ಸಿಟ್ಟಿದೆ. ಮೊದಲ ಕಥೆಯಲ್ಲಿ 'ಕಲರ್'ಗೆ 'ಯು' ಇದೆ, ಎರಡನೆಯದರಲ್ಲಿ ಇಲ್ಲ. ನಡುವೆ ಎಲ್ಲೋ ಸಾಫ್ಟ್‌ವೇರಿನ ಸೆಟ್ಟಿಂಗ್ ಅಮೆರಿಕದ ಕಾಗುಣಿತಕ್ಕೆ ತಿರುಗಿದೆ, ನೀನು ನೋಡಿಲ್ಲ. ಆ 'ಯು' ಬಿದ್ದುಹೋದದ್ದರ ಹಿಂದೆ ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರನ ಹಟವಿದೆ. ಹೊಸ ದೇಶಕ್ಕೆ ತನ್ನದೇ ಕಾಗುಣಿತ ಬೇಕೆಂದು 1806ರ ನಿಘಂಟಿನಲ್ಲಿ ಅದನ್ನು ಬಿಟ್ಟ, 1828ರ ದೊಡ್ಡ ನಿಘಂಟಿನಲ್ಲಿ ಗಟ್ಟಿಮಾಡಿದ. ನಾಲಿಗೆ ಎಂಬರ್ಥದ 'ಟಂಗ್' ಪದಕ್ಕೆ ಟಿ-ಯು-ಎನ್-ಜಿ ಸಾಕು ಅಂದ, ಜನ ಒಪ್ಪಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 300 ಪದಗಳ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣಕ್ಕೆ ತರಹೊರಟು, ಅದೇ ವರ್ಷ ಹಿಂದೆಗೆಯಬೇಕಾಯಿತು. ಒಂದೊಂದು ಅಕ್ಷರಕ್ಕೂ ಇಷ್ಟು ಗುದ್ದಾಟ ನಡೆದಿದೆ. ನೀನು ಒಂದು ಗುಂಡಿ ಒತ್ತಿ ಎಲ್ಲಕ್ಕೂ ಒಪ್ಪಿಗೆ ಕೊಟ್ಟುಬಿಟ್ಟೆ. 'ಯು' ಇಟ್ಟುಕೋ, ಬಿಡು, ಆದರೆ ನೀನು ಆರಿಸು.

ಹಿಂದೆ ಕೆಲವು ಕಂಪ್ಯೂಟರುಗಳ ಪದಪಟ್ಟಿಯಲ್ಲಿ 'ಕೋ-ಆಪರೇಷನ್' ನಡುಗೆರೆಯೊಂದಿಗೆ ಮಾತ್ರ ಇತ್ತು. ಗೆರೆ ಬಿಟ್ಟು ಬರೆದವರಿಗೆ ಕ್ಯಾಲಿಫೋರ್ನಿಯಾದ 'ಕ್ಯೂಪರ್ಟಿನೊ' ಊರಿನ ಹೆಸರು ಸೂಚಿಸುತ್ತಿತ್ತು. ಕಣ್ಣುಮುಚ್ಚಿ ಒಪ್ಪಿದವರಿಂದಾಗಿ ವಿಶ್ವಸಂಸ್ಥೆಯ ಕಾಗದಪತ್ರಗಳಲ್ಲೂ ಸಹಕಾರ ಇರಬೇಕಾದಲ್ಲಿ ಆ ಊರು ಬಂದು ಕೂತಿತು. ನಿನ್ನ ಕಥೆಯಲ್ಲಿ ಅಜ್ಜಿಯೂ ಹಾಗೆಯೇ ಎರಡು ಕಡೆ 'ಆ್ಯಗಿ' ಎಂಬ ಇಂಗ್ಲಿಷ್ ಹೆಸರಿನವಳಾಗಿದ್ದಾಳೆ. ಅದನ್ನಾದರೂ ತಿದ್ದಬಹುದು. 14ನೇ ಪುಟದಲ್ಲಿ ಮೊಮ್ಮಗಳನ್ನು ಬಸ್ಸು ಹತ್ತಿಸುವಾಗ ಅವಳು ಆಡುವ ಮಾತು ಸರ್ಕಾರಿ ಸುತ್ತೋಲೆಯ ಹಾಗಿದೆ. ನೀನು ಮೊದಲು ಹಾಗೆ ಬರೆದಿರಲಾರೆ. ಮುಂದಿನ ಸಾಲಿನಲ್ಲೇ ಆ ಹುಡುಗಿ ಅಳುತ್ತಾಳೆ, ಸುತ್ತೋಲೆ ಕೇಳಿ ಯಾರೂ ಹಾಗೆ ಅಳುವುದಿಲ್ಲ.

ಆ ಪುಟಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸು ಕಳಿಸಿದ್ದೇನೆ. ಯಂತ್ರ ಮುಟ್ಟುವ ಮೊದಲಿನ ಪ್ರತಿ ಉಳಿದಿದ್ದರೆ ತಪ್ಪುಗಳ ಸಮೇತ ಕಳಿಸು. ಉಳಿದಿಲ್ಲವಾದರೆ, ಅಜ್ಜಿ ಅವತ್ತು ಏನಂದಳು ಅನ್ನುವುದನ್ನು ಕನ್ನಡದಲ್ಲೇ ಒಂದು ಕಾರ್ಡಿನಲ್ಲಿ ಬರೆದು ಹಾಕು.