ಬಾಡಿಗೆ ಆದಾಯಕ್ಕೆ ‘ಮನೆ ಆಫೀಸ್’ ಖರ್ಚು ಬೇಡ

ಮಾನ್ಯರೇ,

ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಜುಲೈ ಬಂತೆಂದರೆ ನಮ್ಮ ಓಣಿಯ ಮನೆ ಮಾಲೀಕರಿಗೆ ಒಂದೇ ಸಲಹೆ: ‘ಬಾಡಿಗೆ ಲೆಕ್ಕ ಬರೆಯುವ ಕೋಣೆಯ ಕರೆಂಟ್ ಬಿಲ್, ಇಂಟರ್ನೆಟ್, ಮೇಜು-ಕುರ್ಚಿ ಎಲ್ಲ ಖರ್ಚಿಗೆ ಹಾಕಿರಿ.’ ನನಗೂ ಒಬ್ಬ ತೆರಿಗೆ ಸಲಹೆಗಾರರು ಇದನ್ನೇ ಹೇಳಿದರು. ಇದು ಶುದ್ಧ ತಪ್ಪು.

ಮನೆ ಬಾಡಿಗೆಯನ್ನು ತೆರಿಗೆ ಲೆಕ್ಕದಲ್ಲಿ ‘ಮನೆ ಆಸ್ತಿಯ ಆದಾಯ’ ಎನ್ನುತ್ತಾರೆ. ಅದರಲ್ಲಿ, ಮಾಲೀಕರೇ ಆ ವರ್ಷ ಪಾಲಿಕೆಗೆ ಕಟ್ಟಿದ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇ 30ರಷ್ಟು ಕಡಿತ ತಾನಾಗಿಯೇ ಸಿಗುತ್ತದೆ. ಸಾಲವಿದ್ದರೆ ಅದರ ಬಡ್ಡಿ ಬೇರೆ. ಸುಣ್ಣಬಣ್ಣ, ರಿಪೇರಿ, ಲೆಕ್ಕಪತ್ರದ ಖರ್ಚು ಎಲ್ಲವೂ ಆ ಶೇ 30ರೊಳಗೇ ಬಂತು. ಕೋಣೆಯ ಖರ್ಚು ತೋರಿಸಲು ಅವಕಾಶವಿರುವುದು ವ್ಯಾಪಾರ, ವೃತ್ತಿಯ ಆದಾಯಕ್ಕೆ. ತಪ್ಪು ಮಾಹಿತಿ ಕೊಟ್ಟದ್ದು ರುಜುವಾತಾದರೆ, ಹಾಗೆ ಕಡಿಮೆ ತೋರಿಸಿದ ಆದಾಯದ ತೆರಿಗೆಯ ಶೇ 200ರಷ್ಟು ದಂಡ. ನೋಟಿಸ್ ಬರುವುದು ಮಾಲೀಕರ ಹೆಸರಿಗೆ, ಸಲಹೆ ಕೊಟ್ಟವರ ಹೆಸರಿಗಲ್ಲ.

ಹಾಗೆಂದು ನಮ್ಮ ಕಷ್ಟ ಸುಳ್ಳಲ್ಲ. ಕಲಬುರಗಿಯ ಎರೆಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ. ನನ್ನ ಬಾಡಿಗೆ ಮನೆಯ ಅಡುಗೆಕೋಣೆ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು, ಹಿತ್ತಲ ಬಾಗಿಲ ಬಳಿ ಶಹಾಬಾದ್ ಕಲ್ಲು ಎದ್ದು ಕೂತಿದೆ. ಇಂಥ ವರ್ಷಗಳಲ್ಲಿ ಶೇ 30 ಏನೇನೂ ಸಾಲದು. ರಸೀದಿ ಇರುವ ದೊಡ್ಡ ರಿಪೇರಿಗೆ ಹೆಚ್ಚಿನ ಕಡಿತ ಕೊಡಿ ಎಂದು ನಮ್ಮ ಸಂಸದರು ಕೇಳಲಿ. ಆದಾಯ ತೆರಿಗೆ ಇಲಾಖೆಯೂ ಜುಲೈಗೆ ಮುಂಚೆಯೇ ಈ ನಿಯಮವನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ, ಆಸ್ತಿ ತೆರಿಗೆ ಕಟ್ಟುವ ಕೌಂಟರುಗಳಲ್ಲಿ ಹಂಚಲಿ.

— ನಿವೃತ್ತ ಶಿಕ್ಷಕಿ, ಬ್ರಹ್ಮಪುರ, ಕಲಬುರಗಿ