ನಾವು ಬೆಂಗಳೂರಿಗೆ ಯಾಕೆ ಹೋಗಲಿಲ್ಲ ಅಂದ್ರೆ

ಗೆಳೆಯಾ,

ನಿನ್ನ ಮೆಸೇಜು ನೋಡಿದೆ. "ಇಬ್ಬರೇ ಹಾಸನದಲ್ಲಿ ಕೂತು ಏನು ಮಾಡ್ತೀರಿ? ಮಗಳ ಮನೆಗೆ ಹೋಗಿ ಮೊಮ್ಮಕ್ಕಳ ಜೊತೆ ಆರಾಮಾಗಿರಬಾರದಾ?" ಅಂತ ಕೇಳಿದ್ದೀಯ. ಮಗಳದ್ದೂ ಇದೇ ರಾಗ. ಫೋನಿನಲ್ಲಿ ಹೇಳಲು ಹೋದರೆ ಜಗಳ ಆಗುತ್ತೆ, ಅದಕ್ಕೆ ಬರೆಯುತ್ತಿದ್ದೇನೆ. ಅವಳೂ ಓದಲಿ.

ಅಲ್ಲಿ ಇದ್ದು ನೋಡಿದ್ದೇವೆ ಕಣೋ. ಮಕ್ಕಳು ಬೆಳಗ್ಗೆ ಸ್ಕೂಲ್ ವ್ಯಾನ್ ಹತ್ತಿದರೆ ಬರುವುದು ಸಂಜೆ. ಆಮೇಲೆ ಟ್ಯೂಷನ್ನು, ಸ್ಕೇಟಿಂಗು. ಊಟಕ್ಕೆ ಕೂರುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತೆ. ನಾವು ಕೊರಿಯರ್ ತಗೊಳ್ಳೋಕೆ, ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳೋಕೆ ಇದ್ದ ಹಾಗೆ. ನಮ್ಮವಳು ಅಲ್ಲಿನ ಚರ್ಚಿನಲ್ಲಿ "ಪೀಠದ ಬಟ್ಟೆ ಒಗೆದು ಕೊಡಲಾ?" ಅಂತ ಕೇಳಿದಳು. "ಲಾಂಡ್ರಿಗೆ ಕೊಡ್ತೀವಮ್ಮಾ" ಅಂದರು. ಅವತ್ತು ರಾತ್ರಿಯೇ ಅವಳು ಬ್ಯಾಗು ತುಂಬಲು ಶುರು ಮಾಡಿದಳು.

ಆ ಬಟ್ಟೆಯ ಕಥೆ ನಿನಗೆ ಗೊತ್ತಿರಲಿಕ್ಕಿಲ್ಲ. ಪೂಜೆ ಮುಗಿಯುವ ಮೊದಲೇ ಹಿಂಬಾಗಿಲಿನಿಂದ ಓಡುತ್ತಿದ್ದವನು ನೀನು! ಪೂಜೆಯಲ್ಲಿ ರೊಟ್ಟಿಯ ತಟ್ಟೆ, ದ್ರಾಕ್ಷಾರಸದ ಪಾತ್ರೆ ಇಡುವ ಚೌಕದ ಬಿಳಿ ಬಟ್ಟೆ ಇದೆಯಲ್ಲ, ಕಾರ್ಪೊರಲ್ ಅಂತಾರೆ. ಅದನ್ನು ಸೀದಾ ಸೋಪಿನ ಪುಡಿಗೆ ಹಾಕುವ ಹಾಗಿಲ್ಲ. ಮೊದಲು ಬರೀ ನೀರಿನಲ್ಲಿ ನೆನೆಸಿ ಹಿಂಡಬೇಕು. ಪರಮಪ್ರಸಾದದ, ಅಂದರೆ ಪೂಜೆಯ ಆ ರೊಟ್ಟಿಯ, ಚೂರು ಇದ್ದರೂ ಇರಬಹುದು ಅಂತ ಆ ನೀರನ್ನು ಚರಂಡಿಗೆ ಬಿಡದೆ ಮಣ್ಣಿಗೆ ಸುರಿಯಬೇಕು. ನಮ್ಮಲ್ಲಿ ಅದು ದಾಸವಾಳದ ಬುಡಕ್ಕೆ. ಇಸ್ತ್ರಿ ಆದ ಮೇಲೆ ಈ ಕಡೆಯಿಂದ ಮೂರು ಮಡಿಕೆ, ಆ ಕಡೆಯಿಂದ ಮೂರು. ಬಿಚ್ಚಿದರೆ ಒಂಬತ್ತು ಚೌಕ ಕಾಣಬೇಕು.

ದಸರಾ ರಜೆಗೆ ಬಂದ ಮೊಮ್ಮಗಳಿಗೆ ಇದರ ಹುಚ್ಚು ಹಿಡಿಯಿತು. ಗೆರೆ ಸೊಟ್ಟಗಾದರೆ ಅಜ್ಜಿ ಬೈಯುವುದಿಲ್ಲ, ಸುಮ್ನೆ ನೀರು ಚಿಮುಕಿಸಿ ಬಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳುತ್ತಾಳೆ. ಹುಡುಗಿ ಮೂಗಿನ ತುದಿಯಲ್ಲಿ ಬೆವರು ಬರಿಸಿಕೊಂಡು ಮತ್ತೆ ಒತ್ತುತ್ತಾಳೆ. ಬೆಂಗಳೂರಿನಲ್ಲಿ ಅವಳ ಯೂನಿಫಾರ್ಮನ್ನೂ ಅವಳಮ್ಮನೇ ಮಡಚಬೇಕಂತೆ.

ಅಕ್ಟೋಬರ್ ಅಂದರೆ ಜಪಸರದ ತಿಂಗಳು, ನಿನಗೆ ನೆನಪಿರಬೇಕು. ಈಗಲೂ ಸಂಜೆ ಒಂದೊಂದು ಮನೆಗೆ ಮಾತೆಯ ಸ್ವರೂಪ ಹೋಗುತ್ತೆ, ಹಿಂದೆ ನಾವೆಲ್ಲ. ಮಳೆ ಹಿಡಿದರೆ ಕೊಡೆ. ಮೊಮ್ಮಗನಿಗೆ ಯಾರ ಮನೆ ಯಾವುದು ಅಂತ ತಿಂಡಿಯಿಂದಲೇ ಗುರುತು: ಕಡಲೆ ಉಸ್ಲಿ ಮನೆ, ಅವಲಕ್ಕಿ ಮನೆ, ಬರೀ ಬಿಸ್ಕತ್ತಿನ ಮನೆ. ಐವತ್ತಮೂರು 'ನಮೋ ಮರಿಯಾ' ಮುಗಿಯುವಷ್ಟರಲ್ಲಿ ಅವನು ನನ್ನ ತೊಡೆಯ ಮೇಲೆ ಒರಗಿರುತ್ತಾನೆ, ತಟ್ಟೆಯ ಸದ್ದಾದ ಕೂಡಲೇ ಎದ್ದು ಕೂರುತ್ತಾನೆ. ಗುರುವಾರ ಮಾತ್ರ ನಮ್ಮಂಥ ಹಳಬರಿಗೆ ಪೇಚು. ಜಪಸರ ಹೇಳುತ್ತಾ ಯೇಸುವಿನ ಬದುಕಿನ ಐದು ಘಟನೆ ನೆನೆಯುತ್ತೇವಲ್ಲ, ಅವೇ ರಹಸ್ಯಗಳು. ಗುರುವಾರದ ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದ್ದೇ 2002ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ತಲೆಯಲ್ಲಿ ಜಾಗ ಭರ್ತಿಯಾಗಿತ್ತು. ನಾನು ಮೂರನೆಯದಕ್ಕೆ ತಡವರಿಸಿದರೆ ಮೊಮ್ಮಗಳು ಕಿವಿಯಲ್ಲಿ ಹೇಳಿಕೊಡುತ್ತಾಳೆ.

ನನ್ನ ಪಾಲಿಗೆ ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪಾವ್ಲ್ ಸಭೆಯ ಕೆಲಸ. ಅದನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಜಾನಾಂ ತನ್ನ ಜೊತೆಗಾರರನ್ನು ಕಟ್ಟಿಕೊಂಡು ಶುರು ಮಾಡಿದಾಗ ಅವನಿಗೆ ಇಪ್ಪತ್ತು ವರ್ಷ, ಇನ್ನೂ ವಿದ್ಯಾರ್ಥಿ. ನಮ್ಮ ಮೀಟಿಂಗಿಗೆ ಬಂದು ನೋಡು, ಕಪ್ಪು ಕೂದಲು ಹುಡುಕಬೇಕು. ಕಾಯಿಲೆಯವರ ಮನೆಗೆ ಇಬ್ಬಿಬ್ಬರು ಹೋಗುವುದು ರೂಢಿ. ನನ್ನ ಜೊತೆಯವರಿಗೆ ಮಂಡಿ ನೋವು, ಅದಕ್ಕೆ ಮೊಮ್ಮಗನನ್ನೇ ಕರೆದುಕೊಂಡು ಹೋದೆ. ಅಕ್ಕಿ, ಬೇಳೆ, ಬಿಪಿ ಮಾತ್ರೆ ಇದ್ದ ಚೀಲ ಅವನೇ ಹಿಡಿದ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಅವನ ಕೈಗಿಟ್ಟಳು. "ಬೇಡಮ್ಮಾ, ನಾವೇ ಕೊಡೋಕೆ ಬಂದಿರೋದು" ಅಂದೆ. "ನೀನು ಸುಮ್ನಿರು, ಮಗು ಬರಿಗೈಯಲ್ಲಿ ಹೋಗಬಾರದು" ಅಂತ ನನ್ನನ್ನೇ ಗದರಿದಳು. ದಾರಿಯಲ್ಲಿ ಅವನು, "ತಾತಾ, ನಾವು ಬಡವರಾ?" ಅಂತ ಕೇಳಿದ. ಏನು ಹೇಳಲಿ ನೀನೇ ಹೇಳು. ಆ ನೋಟನ್ನು ಅವನು ಖರ್ಚು ಮಾಡಲೇ ಇಲ್ಲ, ಬೆಂಗಳೂರಿಗೆ ತಗೊಂಡು ಹೋದ.

ಅಂದಹಾಗೆ, ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜ-ಅಜ್ಜಿಯರಿಗೂ ವಯಸ್ಸಾದವರಿಗೂ ಅಂತ ಒಂದು ದಿನ ಮಾಡಿದರಲ್ಲ, ಜುಲೈ ನಾಲ್ಕನೇ ಭಾನುವಾರ? ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಗುಲಾಬಿ ಕೊಟ್ಟರು. ಭಾಷಣ ಆಯ್ತು. ಎಲ್ಲರೂ ಹೋದ ಮೇಲೆ ಕುರ್ಚಿ ಎತ್ತಿಟ್ಟವರೂ ನಾವೇ. ಬೇಜಾರಿನಿಂದ ಹೇಳುತ್ತಿಲ್ಲ. ಗುಲಾಬಿಗಿಂತ ಕುರ್ಚಿ ಎತ್ತಿಡೋದೇ ನನಗೆ ಇಷ್ಟ.

ಮಕ್ಕಳನ್ನು ಒಂದು ದಿನ ಶೆಟ್ಟಿಹಳ್ಳಿಗೂ ಕರೆದುಕೊಂಡು ಹೋಗಿದ್ದೆವು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು ಈಗ ಟೂರಿಸ್ಟ್ ಜಾಗ, ಹೊರಗಿನವರಿಗೆ ಅದು 'ಮುಳುಗುವ ಚರ್ಚು'. ಗೊರೂರು ಅಣೆಕಟ್ಟು 1979ರಲ್ಲಿ ಮುಗಿದು ಹೇಮಾವತಿ ಹಿನ್ನೀರು ನಿಂತ ಮೇಲೆ ಊರಿನವರು ಬಿಟ್ಟು ಹೋದರು, ಚರ್ಚಿನ ಗೋಡೆಗಳು ಉಳಿದವು. ಹಿನ್ನೀರು ಇನ್ನೂ ಇಳಿದಿರಲಿಲ್ಲ, ಕಮಾನುಗಳ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಮ್ಮವಳು ನೀರಿನ ಕಡೆ ಬೆರಳು ತೋರಿಸಿ, "ನಮ್ಮಮ್ಮನಿಗೆ ಜ್ಞಾನಸ್ನಾನ ಆಗಿದ್ದು ಅಲ್ಲೇ" ಅಂದಳು. "ಆಗಲೂ ಇಷ್ಟು ನೀರಿತ್ತಾ?" ಅಂದ ಮೊಮ್ಮಗ. ಇವಳು ನಕ್ಕಿದ್ದು ನೋಡಬೇಕಿತ್ತು.

ಬೆಂಗಳೂರಿನಲ್ಲಿ ನಾವು ಮಕ್ಕಳನ್ನು ನೋಡಿಕೊಳ್ಳುತ್ತೇವೆ, ಅಷ್ಟೇ. ಇಲ್ಲಿ ನಮ್ಮ ಕೈಯಲ್ಲಿ ಒಂದು ಕೆಲಸ ಇರುತ್ತೆ, ಅದರೊಳಗೆ ಅವರೂ ಬಂದು ಸೇರಿಕೊಳ್ಳುತ್ತಾರೆ. ಮಗಳಿಗೆ ಇದು ಹಟ ಅನ್ನಿಸುತ್ತೆ. ಇನ್ನೊಂದು ಐದಾರು ವರ್ಷಕ್ಕೆ ಕೈಕಾಲು ಸೋತಾಗ ಅವಳ ಮನೆಯೇ ಗತಿ ಅಂತ ನಮಗೂ ಗೊತ್ತು. ಅಲ್ಲಿವರೆಗೆ ಬಿಡಲಿ.

ಮಕ್ಕಳು ವಾಪಸ್ ಹೋದರು. ಈಗ ಹಾಸನಾಂಬೆಯ ಬಾಗಿಲು ತೆರೆದಿದೆ, ಊರು ತುಂಬಾ ಜನ. ಚರ್ಚಿಗೆ ಆಟೋ ಕರೆದರೆ "ದೇವಸ್ಥಾನಕ್ಕಾದ್ರೆ ಬರ್ತೀನಿ" ಅಂತಾನೆ. ನಡೆದೇ ಹೋಗುತ್ತೇವೆ.

ನವೆಂಬರ್ 2ಕ್ಕೆ ಸತ್ತವರ ಹಬ್ಬ. ಸಮಾಧಿಗಳ ಸುತ್ತ ಹುಲ್ಲು ಸೊಂಟದವರೆಗೆ ಬೆಳೆದಿದೆ, ಮುಂದಿನ ವಾರ ನಾವು ನಾಲ್ಕು ಜನ ಸೇರಿ ಕೊಯ್ಯಬೇಕು. ನಿಮ್ಮಮ್ಮನ ಸಮಾಧಿ ನೋಡಿಕೊಂಡು ಬಂದೆ. ಶಿಲುಬೆ ಗಟ್ಟಿಯಾಗಿದೆ, ಆದರೆ ಮೇಲಿನ ಅಕ್ಷರ ಅಳಿಸಿಹೋಗಿದೆ. ಪೇಂಟರ್ ಸಿಕ್ಕಿದ್ದಾನೆ. ತೀರಿಕೊಂಡ ತಾರೀಕು ನನಗೆ ನೆನಪಿದೆ, ಹುಟ್ಟಿದ ವರ್ಷ ಗೊತ್ತಿಲ್ಲ. ಕಳಿಸು. ನೀನೇ ಬರುವುದಾದರೆ ಮುಂಬೈಯಿಂದ ಬೆಂಗಳೂರಿಗೆ ಬಂದು ಯಶವಂತಪುರದಲ್ಲಿ ರೈಲು ಹತ್ತು. 2017ರಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ನೇರ ದಾರಿ ಇದೆ, ಮೊದಲಿನ ಹಾಗೆ ಸುತ್ತಬೇಕಿಲ್ಲ. ಉಳಿಯೋಕೆ ನಮ್ಮ ಮನೆ ಇದೆ. ಬರುವಾಗ ದೊಡ್ಡ ಮೇಣದಬತ್ತಿ ಒಂದೆರಡು ಪ್ಯಾಕೆಟ್ ತಾ, ಇಲ್ಲಿ ಸಿಗೋದು ಗಾಳಿಗೆ ನಿಲ್ಲಲ್ಲ.

ನಿನ್ನ ಹಾಸನದ ಗೆಳೆಯ